ಡ್ರೋನ್ ಎಷ್ಟು ಹೊತ್ತು ಹಾರೀತು?

ಡ್ರೋನಿನ ಪೆಟ್ಟಿಗೆಯ ಮೇಲೆ ಅಚ್ಚಾದ ‘ಮೂವತ್ತು ನಿಮಿಷ ಹಾರಾಟ’ವನ್ನು ನಾನು ಮದುವೆ ಕರೆಯೋಲೆಯ ಊಟದ ಸಮಯದಷ್ಟೇ ನಂಬುತ್ತೇನೆ. ಅದು ಸುಳ್ಳಲ್ಲ, ಗಾಳಿಯಿಲ್ಲದ, ಭಾರವಿಲ್ಲದ, ಯಾರಿಗೂ ಅವಸರವಿಲ್ಲದ ಯಾವುದೋ ಲೋಕದ ಸತ್ಯ. ಬಂಟ್ವಾಳದ ಹೊಳೆಗಾಳಿಯಲ್ಲಿ ಮೊದಲ ಸಲ ಹಾರಿಸಿದಾಗ ಅದು ಅರ್ಧ ಹೊತ್ತಿಗೇ ಸುಸ್ತಾಗಿ, ನನ್ನ ಅಪ್ಪಣೆ ಕೇಳದೆ ಯಾರದೋ ಅಂಗಡಿಯ ಮಾಡಿನ ಮೇಲೆ ಕುಳಿತುಬಿಟ್ಟಿತ್ತು. ಪುತ್ತಿಗೆಯಲ್ಲಿ ಭೌತವಿಜ್ಞಾನ ಕಲಿಸುವ ನಾನು ಸೀರೆ ಎತ್ತಿಕಟ್ಟಿ ಏಣಿ ಹತ್ತಿದ ದೃಶ್ಯವನ್ನು ನೀವೇ ಊಹಿಸಿಕೊಳ್ಳಿ.

ಅಂದಿನಿಂದ ಲೆಕ್ಕದ ಹುಚ್ಚು ಹಿಡಿಯಿತು. ಬ್ಯಾಟರಿಯಲ್ಲಿ ತುಂಬಿರುವ ವಿದ್ಯುತ್ತನ್ನು ಮೋಟಾರುಗಳು ಎಳೆಯುವ ವೇಗದಿಂದ ಭಾಗಿಸಬೇಕು. ಕೊನೆಯ ಐದನೇ ಒಂದು ಪಾಲನ್ನು ಮುಟ್ಟಬಾರದು. ಇಷ್ಟೇ. ಆದರೆ ಈ ಎಳೆತ ಒಂದೇ ಸಮ ಇರುವುದಿಲ್ಲ. ಗಾಳಿ ಎದುರಾದರೆ ಹೆಚ್ಚು, ಭಾರ ಹೊತ್ತರೆ ಇನ್ನೂ ಹೆಚ್ಚು. ಚೀಲ ಹಿಡಿದು ಮೆಟ್ಟಿಲು ಹತ್ತುವ ನನ್ನ ಹಾಗೆಯೇ.

ಕಳೆದ ಮಳೆಗಾಲದ ಒಂದು ಬೆಳಿಗ್ಗೆ ಸಹೋದ್ಯೋಗಿ ಜಯಂತಿ ಫೋನ್ ಮಾಡಿದಳು. ನೆರಿಯದಲ್ಲಿ ಅವಳ ಚಿಕ್ಕಮ್ಮ ಸರೋಜಕ್ಕನಿಗೆ ದಮ್ಮು ಜೋರಾಗಿದೆ, ಇನ್‌ಹೇಲರ್ ಖಾಲಿಯಾಗಿದೆ, ಮನೆಗೆ ಹೋಗುವ ಕಾಲುಸಂಕ ಹೊಳೆಯಲ್ಲಿ ಕೊಚ್ಚಿಹೋಗಿದೆ. ರಕ್ಷಣೆಯವರು ಬರುವಾಗ ಮಧ್ಯಾಹ್ನ ದಾಟಬಹುದಂತೆ.

ನನ್ನ ಡ್ರೋನನ್ನು ಚೀಲದಲ್ಲಿ ಹಾಕಿಕೊಂಡು, ಬೆಳ್ತಂಗಡಿಯಲ್ಲಿ ಇನ್‌ಹೇಲರ್ ಕೊಂಡು ನಾವಿಬ್ಬರೂ ಹೊಳೆಯ ಈಚೆ ದಡ ಮುಟ್ಟಿದಾಗ ಮಳೆ ಬಿಟ್ಟಿತ್ತು. ಕೆಂಪು ನೀರಿನಾಚೆ, ಗುಡ್ಡದ ಮೇಲೆ ಮನೆ. ಡ್ರೋನ್ ಇಳಿಯುವ ಗುರುತಿಗೆ ಅಂಗಳದಲ್ಲಿ ಬಿಳಿ ಬೆಡ್‌ಶೀಟ್ ಹಾಸಲು ಚಿಕ್ಕಪ್ಪನಿಗೆ ಫೋನಿನಲ್ಲಿ ಹೇಳಿದೆವು.

ಇನ್‌ಹೇಲರನ್ನು ಡ್ರೋನಿನ ಹೊಟ್ಟೆಗೆ ಕಟ್ಟಿ, ತಲೆಯ ಮಟ್ಟದಲ್ಲಿ ಎರಡು ನಿಮಿಷ ನಿಲ್ಲಿಸಿ ನೋಡಿದೆ. ಬ್ಯಾಟರಿ ನಿಮಿಷಕ್ಕೆ ಶೇಕಡಾ ಆರರಷ್ಟು ಇಳಿಯಿತು. ಅಂದರೆ, ಮುಟ್ಟಬಾರದ ಪಾಲು ಬಿಟ್ಟು ಉಳಿದದ್ದು ಹನ್ನೊಂದು ನಿಮಿಷದ ಹಾರಾಟ. ಹೋಗುವಾಗ ಗಾಳಿ ಬೆನ್ನಿಗೆ, ಬರುವಾಗ ಮುಖಕ್ಕೆ. ಎಷ್ಟು ಸಲ ಗುಣಿಸಿದರೂ ವಾಪಸು ಬರುವ ಡ್ರೋನು ಹೊಳೆಯ ನಡುವೆಯೇ ಬೀಳುತ್ತಿತ್ತು.

“ಆಗುವುದಿಲ್ಲ ಜಯಂತಿ,” ಎಂದೆ.

“ಅದು ವಾಪಸು ಬರಬೇಕೂಂತ ಯಾರು ಹೇಳಿದ್ದು ಮಾರಾಯ್ತಿ? ಹೋಗಿ ಮುಟ್ಟಿದರೆ ಸಾಕಲ್ಲ.”

ಗುಣಾಕಾರದಲ್ಲಿ ಮುಳುಗಿದವಳಿಗೆ ಪ್ರಶ್ನೆಯನ್ನೇ ಅರ್ಧ ಮಾಡಬಹುದೆಂದು ತೋಚಿರಲಿಲ್ಲ. ಕೊಂಡ ವಸ್ತು ಕೈಗೆ ಮರಳಲೇಬೇಕೆಂಬ ಆಸೆಯನ್ನೂ ನಾನು ಬ್ಯಾಟರಿಯ ಮೇಲೆ ಹೇರಿದ್ದೆ. ಅದನ್ನು ಇಳಿಸಿದ ಕೂಡಲೇ ಲೆಕ್ಕ ಹಗುರವಾಯಿತು.

ಹಾರಿಸಿದೆ. ಹೊಳೆಯ ಮೇಲೆ ಒಮ್ಮೆ ಗಾಳಿ ಬೀಸಿ ಅದು ಪಕ್ಕಕ್ಕೆ ವಾಲಿದಾಗ ಜಯಂತಿ ನನ್ನ ತೋಳನ್ನು ಚಿವುಟಿದಳು. ಪರದೆಯಲ್ಲಿ ಮರಗಳ ತಲೆ, ಹೆಂಚಿನ ಮಾಡು, ಅಂಚೆಚೀಟಿಯಷ್ಟು ಬೆಡ್‌ಶೀಟ್ ಕಂಡವು. ಬ್ಯಾಟರಿ ಅರ್ಧಕ್ಕಿಂತ ಕೆಳಗಿತ್ತು, ಇಳಿಯಲು ಸಾಕಿತ್ತು. ಇಳಿಸಿ, ರೆಕ್ಕೆಗಳನ್ನು ನಿಲ್ಲಿಸಿದೆ. ಚಿಕ್ಕಪ್ಪ ಬಗ್ಗಿ ಗಂಟು ಬಿಚ್ಚಿದರು.

ಇನ್‌ಹೇಲರನ್ನೂ ಫೋನನ್ನೂ ಹಿಡಿದು ಒಳಗೆ ಓಡಿದರು. ಬಹಳ ಹೊತ್ತಾದ ಮೇಲೆ ಸರೋಜಕ್ಕನ ದನಿ ಬಂತು, ಮೊದಲು ಎರಡು ಮಾತು, ಮತ್ತೆ ನಾಲ್ಕು. ಕೊನೆಗೆ, ಈ ಮಳೆಯಲ್ಲಿ ಯಾರಾದರೂ ಹೊಳೆ ಬದಿಗೆ ಬರುತ್ತಾರಾ, ತಲೆಗೊಂದು ಬಟ್ಟೆಯಾದರೂ ಉಂಟಾ, ಬೆಳಿಗ್ಗೆ ಏನಾದರೂ ತಿಂದಿದ್ದೀರಾ ಎಂದು ತುಳುವಿನಲ್ಲಿ ನಮ್ಮಿಬ್ಬರನ್ನೂ ಒಂದೇ ಉಸಿರಿಗೆ ಬೈದರು. ಜಯಂತಿ ಅಳುತ್ತಲೇ ನಕ್ಕಳು. ನಾನು ಫೋನಿನ ದನಿ ಹೆಚ್ಚಿಸಿ, ಇನ್ನೂ ಸ್ವಲ್ಪ ಬೈಯಲಿ ಎಂದು ಹೊಳೆ ಬದಿಯ ಕಲ್ಲಿನ ಮೇಲೆ ಕುಳಿತೆ.