ಹೊರಗಿನವರ ಬೆಂಚಿನ ಮೇಲೆ ವರ್ನಾ

ನದಿಯಾಚೆಯ ನ್ಯೂ ಹ್ಯಾಂಪ್‌ಶೈರ್ ರಾಜ್ಯವನ್ನು ಬೈಯುವುದರಲ್ಲಿ ವರ್ನಾ ಪಾಕೆಟ್‌ಳದು ಎತ್ತಿದ ಕೈ. ನದಿಯ ಈಚೆ ದಂಡೆಯ ವರ್ಮಾಂಟಿನಲ್ಲಿ ಹುಟ್ಟಿ, ಮೂವತ್ತು ಚಳಿಗಾಲ ಊರಿನ ಹಿಮ ತಳ್ಳುವ ಲಾರಿ ಓಡಿಸಿದವಳು. ಮದುವೆಯಾಗಿ ಆಚೆ ದಂಡೆಗೆ ಹೋದ ತಂಗಿ ಲೊರೇನ್ ಜೊತೆ ಪ್ರತಿ ಭಾನುವಾರ ಊಟದ ಹೊತ್ತಿಗೆ ಇದೇ ಜಗಳ.

"ನಮ್ಮಲ್ಲಿ ಸಂಬಳಕ್ಕೆ ತೆರಿಗೆ ಇಲ್ಲ, ಅಂಗಡಿ ಸಾಮಾನಿಗೂ ಇಲ್ಲ. ಕಾರಲ್ಲಿ ಬೆಲ್ಟ್ ಹಾಕ್ಕೋ ಅಂತ ಕೂಡ ಯಾರೂ ಹೇಳಲ್ಲ," ಎನ್ನುವಳು ಲೊರೇನ್.

"ನಿಮ್ಮ ರಸ್ತೆ ಪಕ್ಕ ಆಳೆತ್ತರದ ಜಾಹೀರಾತು ಬೋರ್ಡು ಬೇರೆ. ಬೆಟ್ಟ ಎಲ್ಲಿದೆ ಅಂತ ಹುಡುಕ್ಬೇಕು. ನಮ್ಮಲ್ಲಿ ಒಂದು ತೋರಿಸು ನೋಡೋಣ."

"ಹೊಸ ಟಿವಿ ಎಲ್ಲಿ ತಗೊಂಡೆ ಮಾರಾಯ್ತಿ?"

ತಗೊಂಡದ್ದು ಆಚೆಯೇ. ಈಚೆಯವರೆಲ್ಲ ಸೇತುವೆ ದಾಟಿ ಹೋಗಿ, ಡಿಕ್ಕಿ ತುಂಬ ಸಾಮಾನು ಹೇರಿಕೊಂಡು, ಬರುವ ದಾರಿಯುದ್ದಕ್ಕೂ ಆ ರಾಜ್ಯವನ್ನು ಬೈಯುತ್ತಾರೆ. ನಮ್ಮವರ ನಾಚಿಕೆ ಅಷ್ಟೇ.

ಗಂಡ ತೀರಿಕೊಂಡ ಮೇಲೆ ಲೊರೇನ್‌ಳ ಕಣ್ಣು ಮಂಜಾಗುತ್ತ ಬಂತು. ಈಚೆಗೆ ಬಂದುಬಿಡು ಎಂದು ವರ್ನಾ ಕರೆದಳು, ಗದರಿದಳು. ಲೊರೇನ್ ಜಪ್ಪಯ್ಯ ಅನ್ನಲಿಲ್ಲ.

"ಈ ಮನೇಲಿ ಗೋಡೆ ಮುಟ್ಟಿದ್ರೆ ಎಲ್ಲಿದ್ದೀನಿ ಅಂತ ಗೊತ್ತಾಗುತ್ತೆ. ನಿನ್ನ ಮನೇಲಿ ನಾನು ಪೂರ್ತಿ ಕುರುಡಿ," ಎಂದಳು ಕೊನೆಗೆ.

 ಎಲೆ ಉದುರುವ ಕಾಲದಲ್ಲಿ ವರ್ನಾಳೇ ತನ್ನ ಮನೆ ಮಾರಿ, ಗಂಟುಮೂಟೆ ಕಟ್ಟಿ ತಂಗಿಯ ಮನೆಗೆ ಹೊರಟಳು. ಹಾಲಿನ ದನ ಸಾಕುವ ಡ್ವೈಟ್ ಸೇತುವೆಯ ಹತ್ತಿರ ತನ್ನ ಲಾರಿ ನಿಲ್ಲಿಸಿ, "ಕೊನೆಗೂ ತೆರಿಗೆಗೆ ಹೆದರಿ ಓಡಿದ್ಯಲ್ಲ!" ಎಂದು ಛೇಡಿಸಿದ. ಅವಳು ತಿರುಗಿಯೂ ನೋಡಲಿಲ್ಲ.

ಮಾರ್ಚಿನ ಮೊದಲ ಮಂಗಳವಾರ ವರ್ಮಾಂಟಿನಲ್ಲಿ ಊರ ಸಭೆ. ಊರಿನ ಸಣ್ಣದೊಡ್ಡ ತೀರ್ಮಾನವೆಲ್ಲ ಅಲ್ಲೇ, ಬಾಯಿಂದ ಕೂಗಿ ಹಾಕುವ ಓಟಿನಿಂದಲೇ. ಈ ಸಲದ ಪ್ರಶ್ನೆ: ಹಿಮ ತಳ್ಳುವ ಲಾರಿಯನ್ನು ಮಾರಿ ಕೆಲಸವನ್ನು ಹೊರಗಿನ ಗುತ್ತಿಗೆದಾರನಿಗೆ ಒಪ್ಪಿಸುವುದೋ ಬೇಡವೋ. ಗುತ್ತಿಗೆದಾರ ಮೊದಲು ಹೆದ್ದಾರಿ ನೋಡಿಕೊಂಡು ಆಮೇಲೆ ಗುಡ್ಡದ ಮನೆಗಳ ಕಡೆ ಬರುತ್ತಾನೆಂದು ವರ್ನಾಳಿಗೆ ಗೊತ್ತಿತ್ತು. ತಂಗಿಯ ಕೈ ಹಿಡಿದು ಹಳೆಯ ಊರಿಗೆ ಬಂದು, ಗೋಡೆಯ ಪಕ್ಕ ಹೊರಗಿನವರಿಗೆಂದು ಹಾಕಿದ ಬೆಂಚಿನ ಮೇಲೆ ಕುಳಿತಳು. ಆ ಬೆಂಚಿನವರಿಗೆ ಓಟಿಲ್ಲ.

ಸಭೆ ನಡೆಸುವ ಎಲ್ವಿನ್ ಕಟ್ಸ್ ಕೇಳಿದ: "ಮಾರೋದು ಬೇಕು ಅನ್ನೋರು?"

ಅರ್ಧ ಸಭೆ ಕೂಗಿತು.

"ಬೇಡ ಅನ್ನೋರು?"

ಉಳಿದರ್ಧ ಕೂಗಿತು. ಅದರಲ್ಲಿ, ಎಂಜಿನ್ ಸದ್ದಿನ ಮೇಲೆ ಮಾತಾಡಿ ಮಾತಾಡಿ ಪಳಗಿದ ವರ್ನಾಳ ಗಂಟಲೂ ಸೇರಿಹೋಯಿತು. ಒಂದು ಆಯುಷ್ಯದ ಅಭ್ಯಾಸ, ಬಾಯಿ ಅವಳನ್ನು ಕೇಳಲೇ ಇಲ್ಲ.

"ಬೇಡ ಅನ್ನೋರೇ ಗೆದ್ರು," ಎಂದ ಎಲ್ವಿನ್.

ಲಾರಿ ಉಳಿಯಿತು. ಸುಮ್ಮನಿದ್ದರೆ ಮುಗಿಯುತ್ತಿತ್ತು. ಅಕ್ಕಪಕ್ಕದವರು ಕೇಳಿಸಿಯೂ ಕೇಳಿಸದವರಂತೆ ಕುಳಿತಿದ್ದರು, ಡ್ವೈಟ್ ಕೂಡ ಬಾಯಿ ಬಿಡಲಿಲ್ಲ. ವರ್ನಾ ಎದ್ದು ನಿಂತಳು.

"ಎಲ್ವಿನ್, ಅದರಲ್ಲಿ ನನ್ನ ದನಿಯೂ ಇತ್ತು. ನಾನೀಗ ಆಚೆಯವಳು. ಎಣಿಸಿ ನೋಡು."

"ಕೂತ್ಕೊಳ್ಳೇ ವರ್ನಾ," ಎಂದ ಎಲ್ವಿನ್ ಮೆಲ್ಲಗೆ.

"ಎಣಿಸು ಅಂದೆ."

ಓಟಿದ್ದವರನ್ನು ಎಬ್ಬಿಸಿ ನಿಲ್ಲಿಸಿ ಎಣಿಸಿದರು. ಸಮ ಬಂದಿದ್ದರೂ ಲಾರಿ ಉಳಿಯುತ್ತಿತ್ತು. ಮಾರಬೇಕೆಂದವರು ಒಬ್ಬರು ಹೆಚ್ಚಾದರು.

ಮಧ್ಯಾಹ್ನದ ಊಟದಲ್ಲಿ ಬೇಯಿಸಿದ ಹುರುಳಿಕಾಯಿ ಬೀಜ, ಕಂದು ಬ್ರೆಡ್ಡು ಅವಳ ತಟ್ಟೆಯಲ್ಲೇ ಆರಿತು. ಡ್ವೈಟ್ ಬಂದು ಎದುರಿಗೆ ಕುಳಿತ. ಅವನ ಮನೆಯೂ ಗುಡ್ಡದ ಮೇಲೇ.

"ನೀನು ಇಲ್ಲೇ ಇದ್ದಿದ್ರೆ ಲಾರಿ ಉಳೀತಿತ್ತು ಕಣೆ," ಎಂದ. ಈಗ ಛೇಡಿಸುತ್ತಿರಲಿಲ್ಲ.

"ಉಳೀತಿತ್ತು."

ಲೊರೇನ್ ಕೈ ತಡವಿ ಅಕ್ಕನ ತೋಳು ಹಿಡಿದಳು. "ಬೇಕಿದ್ರೆ ವಾಪಸ್ ಹೋಗು. ನಾನು ಹೇಗೋ ಇರ್ತೀನಿ."

ವರ್ನಾ ತಂಗಿಯ ತಟ್ಟೆಗೆ ಇನ್ನೊಂದು ತುಂಡು ಬ್ರೆಡ್ಡು ಹಾಕಿ, ಬೆಣ್ಣೆ ಸವರಿ, ಅವಳ ಬೆರಳಿಗೆ ಮುಟ್ಟಿಸಿದಳು.

"ಬರೋ ಮಂಗಳವಾರ ನಿಮ್ಮೂರ ಸಭೆ, ಅಲ್ಲಿ ನಂಗೆ ಓಟಿದೆ," ಎಂದಳು. "ಬೆಳಿಗ್ಗೆ ಬೇಗ ಎದ್ದೇಳು. ಮುಂದಿನ ಸಾಲಲ್ಲೇ ಕೂರ್ಬೇಕು ನಾನು."