ಹಂಪನಕಟ್ಟೆಯಲ್ಲಿ ಇಳಿಯುತ್ತಿದ್ದ ಹೆಂಡತಿ

ಆ ಕಾಲದಲ್ಲಿ ಒಂದು ಸೈಕಲ್ಲಿನಲ್ಲಿ ಇಬ್ಬರು ಹೋಗುವುದು ಅಪರಾಧ. ಸಿಕ್ಕಿಬಿದ್ದರೆ ಪೊಲೀಸರು ಚಕ್ರದ ಗಾಳಿ ತೆಗೆಯುತ್ತಿದ್ದರು. ಹಾಗೆಂದು ಮಂಗಳೂರಿನಲ್ಲಿ ಯಾರೂ ಡಬಲ್ ಸವಾರಿ ಬಿಟ್ಟಿರಲಿಲ್ಲ. ಪೊಲೀಸ ನಿಲ್ಲುತ್ತಿದ್ದ ಹಂಪನಕಟ್ಟೆ ವೃತ್ತ ಹತ್ತಿರವಾದಾಗ ಹಿಂದೆ ಕೂತವರು ಇಳಿದು, ಗುರುತೇ ಇಲ್ಲದ ದಾರಿಹೋಕರಂತೆ ಪೊಲೀಸನನ್ನು ದಾಟಿ, ಆಚೆ ಹೋಗಿ ಮತ್ತೆ ಹತ್ತುವುದು ರೂಢಿ.

ನನಗೆ ಮದುವೆಯಾದ ಹೊಸತು. ಅಮ್ಮನನ್ನು ಫಳ್ನೀರಿನ ಆಸ್ಪತ್ರೆಗೆ ಸೇರಿಸಿದ್ದರು. ಮರುದಿನ ಬೆಳಿಗ್ಗೆ ಆಪರೇಷನ್. ಸಂಜೆ ಐದರ ಮೇಲೆ ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ. ಗಂಜಿಯ ಪಾತ್ರೆ ಹಿಡಿದು ಗಂಡನ ಸೈಕಲ್ಲಿನ ಹಿಂದೆ ಕೂತೆ. ನನ್ನ ಗಂಡ ಮನೆಯೊಳಗೆ ಹುಲಿ, ಖಾಕಿ ಕಂಡರೆ ಇಲಿ.

ಅವಸರದಲ್ಲಿ ಅಂದು ನಾನು ಇಳಿದದ್ದು ತಡವಾಯಿತು. ಪೊಲೀಸ ಕೈ ಅಡ್ಡ ಹಿಡಿದ.

"ಎಂತ ಮಾರಾಯ, ಡಬಲ್ ಬಂದದ್ದಲ್ವಾ? ಇವರು ನಿನ್ನ ಹೆಂಡ್ತಿಯಾ?"

"ಅಲ್ಲ ಸಾರ್. ಇವರು ಯಾರೂಂತ ನಂಗೆ ಗೊತ್ತಿಲ್ಲ," ಎಂದರು ನನ್ನ ಗಂಡ.

ಊರೆಲ್ಲ ಆಡುವ ನಾಟಕವೇ, ನಾನೂ ಆಡಿದವಳೇ. ಆದರೆ ಅದನ್ನು ಬಾಯಿಬಿಟ್ಟು ಹೇಳಿದ್ದು ಕೇಳಿ ನಾಚಿಕೆಯಿಂದ ಹಿಡಿಯಷ್ಟಾದೆ. ಅವರೇ ಕಟ್ಟಿದ ಕರಿಮಣಿಯನ್ನು ಸೆರಗಿನಿಂದ ಮುಚ್ಚಿಕೊಂಡೆ.

"ನಿಮಗೆ ಇವನ ಗುರ್ತ ಉಂಟಾ ಅಮ್ಮ?" ಪೊಲೀಸ ನನ್ನತ್ತ ತಿರುಗಿದ.

ಉಂಟು ಎಂದರೆ ಚಕ್ರದ ಗಾಳಿಯ ಜೊತೆ ಗಂಡನ ಮಾನವೂ ಹೋಗುತ್ತಿತ್ತು. ಗಂಟೆ ಐದಾಗುತ್ತಿತ್ತು. "ಇಲ್ಲ," ಎಂದೆ.

ಪೊಲೀಸ ಗಂಡನನ್ನು ಬಿಟ್ಟ. ಅವರು ಹಿಂದಿರುಗಿ ನೋಡದೆ ಪೆಡಲ್ ತುಳಿದರು. ನಾನು ಹೊರಡುವಾಗ ಪೊಲೀಸ ತಗ್ಗಿದ ಸ್ವರದಲ್ಲಿ ಹೇಳಿದ: "ಸೀರೆ ಅಂಚು ನೋಡಿಕೊಳ್ಳಿ ಅಮ್ಮ, ಸೈಕಲಿನ ಗ್ರೀಸು ಉಂಟು. ಬೇಗ ಹೋಗಿ, ಗಂಜಿ ತಣಿದೀತು." ಅವನು ನಗಲೂ ಇಲ್ಲ. ನಕ್ಕಿದ್ದರೆ ಎಷ್ಟೋ ವಾಸಿಯಿತ್ತು.

ತಿರುವಿನಾಚೆ ಗಂಡ ಕಾಯುತ್ತಿದ್ದರು. "ಹತ್ತು, ಹೊತ್ತಾಯ್ತು," ಎಂದರು. ನಡೆದೇ ಹೋಗುತ್ತೇನೆ ಎನ್ನಬೇಕೆಂದು ನಾಲಗೆ ತುದಿಗೆ ಬಂದಿತ್ತು. ಅಮ್ಮನ ಮುಖ ನೋಡಬೇಕಿತ್ತು. ಹತ್ತಿದೆ.

ಆಸ್ಪತ್ರೆಯ ಗೇಟು ಮುಚ್ಚುವುದರಲ್ಲಿತ್ತು. "ಇವರು ಯಾರು?" ಎಂದು ಕಾವಲುಗಾರ ನನ್ನನ್ನು ತೋರಿಸಿ ಕೇಳಿದ. ನಾನು ಸೀರೆಯ ಅಂಚನ್ನು ನೋಡುತ್ತ ನಿಂತೆ. ನನ್ನ ಗಂಡ ಮುಂದೆ ಬಂದು ಗಟ್ಟಿ ಸ್ವರದಲ್ಲಿ, "ನನ್ನ ಹೆಂಡ್ತಿ," ಎಂದರು.