ಎಲೆ ಚಾಚಾ ಬಸ್ಸು ಹತ್ತುವವರೆಗೆ

ಮಾತಿನ ನಡುವೆಯೇ ಎಲೆ ಚಾಚಾ ಎರಡೂ ಅಂಗೈಗಳನ್ನು ಅಕ್ಕಪಕ್ಕ ಊರಿ, ಸೊಂಟವನ್ನು ಬಸ್ಸಿನ ಸೀಟಿನಿಂದ ಗೇಣುದ್ದ ಮೇಲೆತ್ತುತ್ತಿದ್ದರು. ತೋಳಿನ ನರಗಳು ಹಗ್ಗದಂತೆ ಉಬ್ಬುತ್ತಿದ್ದವು, ಕಾಲುಗಳು ಸುಮ್ಮನೆ ಜೋಲುತ್ತಿದ್ದವು. ಹಾಗೆ ತೂಗುತ್ತಲೇ ಎಲೆಯ ದರ, ಮಳೆ, ಮಗಳ ನಿಶ್ಚಿತಾರ್ಥ ಎಲ್ಲ ಹೇಳಿ ಮುಗಿಸಿ ಮೆಲ್ಲಗೆ ಕೆಳಗಿಳಿಯುತ್ತಿದ್ದರು. ಗೊತ್ತಿಲ್ಲದವರು ಗಾಬರಿಯಾಗಿ ಕೈ ಚಾಚಿದರೆ "ಮುಟ್ಟಬ್ಯಾಡ್ರಿ" ಎನ್ನುವರು. ಬಹಳ ಹೊತ್ತು ಒತ್ತಿ ಕೂತರೆ ಚರ್ಮ ಕೊಳೆಯುತ್ತದೆ, ಕೊಳೆತರೂ ಅವರಿಗೆ ತಿಳಿಯುವುದಿಲ್ಲ. ಅದಕ್ಕೇ ಈ ಏಳುವುದು ಇಳಿಯುವುದು.

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಸವಣೂರಿನಿಂದ ಯಲವಿಗಿ ಸ್ಟೇಶನ್ನಿಗೆ ಹೋಗುವ ಬಸ್ಸಿನ ಕಂಡಕ್ಟರು. ಅವರು ವೀಳ್ಯದೆಲೆ ತೋಟದವರು, ಊರೆಲ್ಲ ಎಲೆ ಚಾಚಾ ಎನ್ನುತ್ತಿತ್ತು. ಎಲೆ ಕೊಯ್ಯುವಾಗ ಏಣಿ ಜಾರಿ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿ, ಸೊಂಟದ ಕೆಳಗೆ ಸ್ವಾಧೀನವೂ ಇರಲಿಲ್ಲ, ಸ್ಪರ್ಶವೂ ಇರಲಿಲ್ಲ. ದೂರದ ಒಂದು ದೊಡ್ಡ ಆಸ್ಪತ್ರೆಯಲ್ಲಿ ಅರ್ಧ ವರ್ಷ ಇದ್ದು ಬಂದರು. ಕಾಲು ಬರಲಿಲ್ಲ. ಅಲ್ಲಿ ಕಲಿಸಿದ್ದು ಕಾಲಿನ ಹಂಗಿಲ್ಲದೆ ಬದುಕುವುದನ್ನು: ಮಂಚದಿಂದ ಗಾಡಿಗೆ ಜರುಗುವುದು, ಪಾಯಿಜಾಮ ಏರಿಸಿಕೊಳ್ಳುವುದು, ನಳಿಕೆ ಹಾಕಿ ಮೂತ್ರ ತೆಗೆಯುವುದು, ಕೈಗನ್ನಡಿ ಹಿಡಿದು ಕುಂಡೆಯ ಚರ್ಮ ನೋಡಿಕೊಳ್ಳುವುದು. ಇದೆಲ್ಲ ಸರಿ. ಬಸ್ಸು ಹತ್ತುವುದನ್ನೂ ಕಲಿಸಿಬಿಟ್ಟಿದ್ದರಲ್ಲ, ಅದು ನನ್ನ ಕರ್ಮ.

ರೈಲಿಗೆ ಎಲೆ ಹಾಕುವ ದಿನ ಕೈಯಿಂದ ತಿರುಗಿಸುವ ಮೂರುಗಾಲಿ ಗಾಡಿಯಲ್ಲಿ ಬರುವರು. ಗಾಡಿಯನ್ನೂ ಬುಟ್ಟಿಗಳನ್ನೂ ಹಮಾಲ ಬಸ್ಸಿನ ಟಾಪಿಗೇರಿಸುವನು. ಚಾಚಾ ಬಾಗಿಲಿಗೆ ಬೆನ್ನು ಮಾಡಿ ಕೆಳಗಿನ ಮೆಟ್ಟಿಲ ಮೇಲೆ ಕೂತು, ಮೇಲಿನ ಮೆಟ್ಟಿಲಿಗೆ ಕೈ ಊರಿ ಮೈ ಎತ್ತಿ ಅಲ್ಲಿ ಕೂತು, ಆಮೇಲೆ ಮೊಣಕಾಲ ಹತ್ತಿರ ಪಾಯಿಜಾಮದ ಬಟ್ಟೆ ಹಿಡಿದು ಒಂದೊಂದೇ ಕಾಲನ್ನು ಎಳೆದುಕೊಳ್ಳುವರು. ಒಳಗೆ ಮಕ್ಕಳು ಅಳುತ್ತವೆ, ಕೆಳಗೆ ನಿಂತವರು ಗೊಣಗುತ್ತಾರೆ, ಡ್ರೈವರು ಹಾರ್ನು ಒತ್ತುತ್ತಾನೆ. ನನ್ನ ರಕ್ತ ಕುದಿಯುತ್ತಿತ್ತು.

"ಲಗೂನ ಬರ್ರಿ ಚಾಚಾ, ರೈಲ ನಿಮ್ಮಪ್ಪಂದಲ್ಲ!"

"ನಾ ಬಂದೇನ್ರಿ ಸಾಹೇಬ್ರ," ಎಂದು ಅವರು ಕಾಲುಗಳತ್ತ ಕೈ ಮಾಡುವರು. "ಈ ಇಬ್ರು ನವಾಬ್ರು ಬರಬೇಕಲ್ಲ."

ಒಂದು ಕಾಲಕ್ಕೆ ನವಾಬರು ಆಳಿದ ಸವಣೂರಿನಲ್ಲಿ ಆ ಮಾತಿಗೆ ಎಲ್ಲರೂ ನಗುವರು. ನನಗೆ ಮಾತ್ರ ನಗು ಬರುತ್ತಿರಲಿಲ್ಲ.

ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟೆ. "ನಾನೂ ಡ್ರೈವರೂ ಎತ್ತಿ ಕುಂಡ್ರಸ್ತೇವಿ. ಯಾಕ ಹಟ ಮಾಡ್ತೀರಿ? ಇಲ್ಲಾಂದ್ರ ಮಗನ್ನ ಕಳಸ್ರಿ."

"ಮಗ ಹೋದ್ರ ಸ್ಟೇಶನ್ನಾಗ ಎಲಿ ದಲಾಲ ಮಗನ ಕೂಡ ವ್ಯವಹಾರ ಮಾಡತಾನ. ನಾ ಮನ್ಯಾಗ ಕುಂತು ಸತ್ತಂಗ ಆತಲ್ಲ. ಇನ್ನ ಎತ್ತೂದು," ಎಂದು ಮತ್ತೊಂದು ಸಲ ಸೊಂಟ ಎತ್ತಿ ಇಳಿಸಿದರು. "ಒಮ್ಮೆ ಎತ್ತಿಸ್ಕೊಂಡ್ನೆಂದ್ರ, ಎತ್ತಾವ್ರಿಗೆ ಪುರಸತ್ತು ಇದ್ದಾಗಷ್ಟ ನಾ ಹೊರಗ ಬರಬೇಕಾಗತೈತಿ."

ಚೀಟಿ ಹರಿದು ಕೈಗಿಟ್ಟೆ.

ಕೆಟ್ಟದ್ದು ನಡೆದದ್ದು ಒಳ್ಳೆಯವರಿಂದ. ಬಂಕಾಪುರದ ಕಡೆಯ ಒಂದು ಮದುವೆ ದಿಬ್ಬಣ ರೈಲಿಗೆ ಹೊರಟಿತ್ತು. ನಾನು ಟಾಪಿನ ಮೇಲೆ ಅವರ ಟ್ರಂಕು ಕಟ್ಟಿಸುತ್ತಿದ್ದೆ. ಚಾಚಾ ಮೆಟ್ಟಿಲಿಗೆ ಕೂತದ್ದನ್ನು ಕಂಡು ದಿಬ್ಬಣದ ನಾಲ್ಕು ಗಂಡಸರಿಗೆ ಕರುಳು ಚುರ್ ಎಂದಿದೆ. ಬೇಡ ಬೇಡ ಎಂದರೂ ಬಿಡದೆ ಎತ್ತಿಕೊಂಡು ಹೋಗಿ, ಡ್ರೈವರನ ಪಕ್ಕದ ಇಂಜಿನ್ ಬಾನೆಟ್ಟಿನ ಮೇಲೆ ಕೂರಿಸಿದ್ದಾರೆ. ಅದು ಮರ್ಯಾದೆಯ ಜಾಗ, ಚಳಿಗಾಲದಲ್ಲಿ ಅಲ್ಲಿ ಕೂರಲು ಜಗಳವೇ ಆಗುತ್ತಿತ್ತು. ಬೇರೆಯವರಾದರೆ ಬಿಸಿ ಹತ್ತಿದೊಡನೆ ಏಳುತ್ತಾರೆ. ಇವರಿಗೆ ಬಿಸಿ ಹತ್ತಿದ್ದೇ ಗೊತ್ತಾಗಲಿಲ್ಲ, ಸುತ್ತ ಗಂಟುಮೂಟೆ ಒತ್ತಿದ್ದರಿಂದ ಕೈ ಊರಲು ಜಾಗವೂ ಇರಲಿಲ್ಲ. ಸಂಜೆ ಮನೆಯಲ್ಲಿ ಕನ್ನಡಿ ಹಿಡಿದಾಗ ಅಂಗೈಯಗಲ ಬೊಬ್ಬೆ ಕಂಡಿತಂತೆ.

ಆ ಬೊಬ್ಬೆ ಹುಣ್ಣಾಯಿತು, ಹುಣ್ಣು ಎಲುಬಿನವರೆಗೆ ಇಳಿಯಿತು. ಉಳಿಯುವುದು ಕಷ್ಟ ಎಂದು ಡಾಕ್ಟರು ಹೇಳಿದ ಸುದ್ದಿ ಬಸ್ ಸ್ಟ್ಯಾಂಡಿಗೂ ಬಂತು. ಬಿಸ್ಕಿಟು ಪೊಟ್ಟಣ ಹಿಡಿದು ನೋಡಲು ಹೋದೆ. ಮಂಚದ ಮೇಲೆ ಬೋರಲು ಮಲಗಿ, ಗದ್ದ ದಿಂಬಿಗೆ ಆನಿಸಿ, ಎದುರಿಗೆ ರಾಶಿ ಹಾಕಿದ ಎಲೆಗಳನ್ನು ಕಟ್ಟು ಕಟ್ಟುತ್ತಿದ್ದರು. ನನ್ನ ಸಿಟ್ಟೆಲ್ಲ ಆ ದಿಬ್ಬಣದವರ ಮೇಲೆ ತಿರುಗಿತು. ಬಾಯಿಗೆ ಬಂದಂತೆ ಬೈದೆ.

"ಬೈಬ್ಯಾಡ್ರಿ," ಎಂದರು. "ಪ್ರೀತೀಲೆ ಎತ್ಯಾರ. ಪ್ರೀತಿ ಮಾಡಾವ್ರನ್ನ ಕಂಡ್ರ ಈಗ ನನಗ ಅಂಜಿಕಿ ಬರತೈತಿ. ನೀವ ಬೇಷಿ. ಬೈತೀರಿ, ಮುಟ್ಟೂದಿಲ್ಲ."

ಇದನ್ನು ಹೊಗಳಿಕೆ ಎನ್ನಬೇಕೋ ಬೈಗುಳ ಎನ್ನಬೇಕೋ. ಕೊಟ್ಟ ಚಹಾ ಕುಡಿದು ಎದ್ದು ಬಂದೆ.

ಮಳೆಗಾಲ ಪೂರ್ತಿ ಬೋರಲೇ ಮಲಗಿದ್ದು ಹುಣ್ಣು ಮಾಯಿಸಿಕೊಂಡರು. ಚಳಿ ಬಿದ್ದ ಮೇಲೆ ಒಂದು ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ಮತ್ತೆ ಅದೇ ಗಾಡಿ. ಇನ್ನಾದರೂ ಬುದ್ಧಿ ಬಂದಿರಬಹುದು ಎಂದುಕೊಂಡೆ. ಎಲ್ಲಿಯ ಬುದ್ಧಿ! ತೋಳು ಸೊರಗಿದ್ದರಿಂದ ಮೊದಲಿಗಿಂತ ಇಮ್ಮಡಿ ಹೊತ್ತು ಹಿಡಿಯಿತು. ಎರಡನೆಯ ಮೆಟ್ಟಿಲಲ್ಲಿ ಮೈ ಮೇಲೇಳದೆ, ಬೆವರು ಸುರಿದು, ಕೂತುಬಿಟ್ಟರು. ಯಾರೋ ಒಬ್ಬರು ಅಯ್ಯೋ ಪಾಪ ಎನ್ನುತ್ತ ಬಗ್ಗಿದರು.

"ಏ, ಕೈ ತಗೀರಿ!" ನಾನು ಒದರಿದ ಅಬ್ಬರಕ್ಕೆ ಬಗ್ಗಿದವರು ಹಿಂದೆ ಸರಿದರು. "ಅವ್ರು ಹತ್ತತಾರ. ನಿಮಗ ಅವಸರ ಇದ್ರ ನಡಕೋತ ಹೋಗ್ರಿ."

ಆಮೇಲೆ ಚಾಚಾರ ಕಡೆ ತಿರುಗಿ ಅವರಿಗೂ ಬೈದೆ. ಅಂದು ರೈಲು ತಪ್ಪಿತು. ಬಸ್ಸಿನ ಜನ ನನಗೆ ಹಾಕಿದ ಶಾಪ ಅಷ್ಟಿಷ್ಟಲ್ಲ. ಚಾಚಾ ಪ್ಲಾಟ್‌ಫಾರ್ಮಿನಲ್ಲಿ ಬುಟ್ಟಿಗಳಿಗೆ ನೀರು ಚಿಮುಕಿಸುತ್ತ ಮುಂದಿನ ರೈಲಿಗೆ ಕಾದರು. ಅವರ ಮುಖದಲ್ಲಿ ಅಂಥ ಖುಷಿಯನ್ನು ನಾನು ಎಂದೂ ಕಂಡಿರಲಿಲ್ಲ. ಸಿಟ್ಟೂ ಬಂತು, ಸಂತೋಷವೂ ಆಯಿತು.

ಮುಂದೆ ನನ್ನನ್ನು ಹಿರೇಕೆರೂರಿಗೆ ಹಾಕಿದರು. ಆ ಬಸ್ಸುಗಳಲ್ಲಿ ಯಾರೂ ತಡಮಾಡುತ್ತಿರಲಿಲ್ಲ, ಯಾರಿಗೂ ಮನಸಾರೆ ಬೈಯುವ ಪ್ರಸಂಗವೂ ಬರಲಿಲ್ಲ. ದಶಕದ ಕೊನೆಗೆ, ಕಿಡ್ನಿ ಕೈಕೊಟ್ಟು ಚಾಚಾ ಅಂದು ಬೆಳಗಿನ ಜಾವ ಹೋದರೆಂದು ಶಿಗ್ಗಾಂವಿಯಲ್ಲಿ ಸಿಕ್ಕ ಹಳೆಯ ಡ್ರೈವರು ಹೇಳಿದ. ಹಾಗೇ ಸವಣೂರಿನ ಬಸ್ಸು ಹಿಡಿದೆ. ಕೊನೆಯವರೆಗೂ ದಲಾಲನ ವ್ಯವಹಾರ ಅವರ ಕೈಯಲ್ಲೇ ಇತ್ತೆಂದು ಮಗ ಹೇಳಿದ. "ನೀವೂ ಹೆಗಲ ಕೊಡ್ರಿ," ಎಂದ.

ನನ್ನ ಕೈ ಬೇಗ ಮೇಲೇಳಲಿಲ್ಲ. ಅಷ್ಟು ವರ್ಷಗಳಲ್ಲಿ ಅವರನ್ನು ಒಮ್ಮೆಯೂ ಎತ್ತಿದವನಲ್ಲ. ಯಾರೋ ಹಿಂದಿನಿಂದ ದೂಡಿದರು, ಹೆಗಲು ಕೊಟ್ಟೆ. ಶವವಿಟ್ಟ ಜನಾಜಾವನ್ನು ತಡಮಾಡದೆ ಒಯ್ಯುವುದು ಅವರಲ್ಲಿ ಪದ್ಧತಿ. ಮುಂದಿನವರು ದಾಪುಗಾಲು ಹಾಕುತ್ತಿದ್ದರು, ನಾನು ಎಡವುತ್ತಿದ್ದೆ. ಹತ್ತು ಹೆಜ್ಜೆಯೊಳಗೆ ನನಗೆ ಎಲ್ಲಿಲ್ಲದ ಸಿಟ್ಟು ಬಂತು.

"ಏ, ಸಾವಕಾಶ ನಡೀರಿ," ಎಂದು ಕೂಗಿದೆ. "ಅವಸರ ಮಾಡಿದ್ರ ಅವ್ರಿಗೆ ಆಗೂದಿಲ್ಲ."

ಹೊತ್ತವರು ನನ್ನ ಕಡೆ ತಿರುಗಿಯೂ ನೋಡಲಿಲ್ಲ.